ಇಪ್ಪತ್ತೊಂಬತ್ತು ಫ್ಲಾಪಿ

ಮೊನ್ನೆ ಅಟ್ಟ ಗುಡಿಸುವಾಗ ಹಳೇ ಫ್ಲಾಪಿ ಡಬ್ಬಿ ಸಿಕ್ತು. ಆಫೀಸಿನ ಬ್ಯಾಕಪ್ ಪುರಾಣವೆಲ್ಲ ನೆನಪಾಯ್ತು.

1983ರ ಐಬಿಎಂ ಪಿಸಿ ಎಕ್ಸ್‌ಟಿಯ ಹಾರ್ಡ್ ಡಿಸ್ಕ್ 10 ಎಂಬಿ. ಅದು ತುಂಬಿದ್ದರೆ ನಕಲಿಗೆ 360 ಕೆಬಿಯ 29 ಫ್ಲಾಪಿ! 2007ರಲ್ಲಿ ಹಿಟಾಚಿ 1 ಟಿಬಿ ಡಿಸ್ಕ್ ತಂದಾಗ 4.7 ಜಿಬಿಯ ಡಿವಿಡಿಗಳೂ ಇನ್ನೂರಕ್ಕೂ ಹೆಚ್ಚು ಬೇಕು. ಡಿಸ್ಕ್ ಹಿಗ್ಗಿದಷ್ಟು ಅದರ ವೇಗ ಹೆಚ್ಚಲಿಲ್ಲ. ಹಾಗಾಗಿ ಭಾನುವಾರ ಪೂರ್ತಿ ನಕಲು, ಉಳಿದ ದಿನ ಬದಲಾದದ್ದು ಮಾತ್ರ ಅನ್ನೋ ಹಳೇ ಉಪಾಯವೇ ಗತಿ.

ನಾನೂ ಹಾಗೇ ಮಾಡುತ್ತಿದ್ದೆ. ಭಾನುವಾರಕ್ಕೆ ಇದ್ದದ್ದು ಒಂದೇ ಟೇಪು, ಪ್ರತಿ ವಾರ ಅದರ ಮೇಲೇ ಬರೆಯೋದು. ಲೆಕ್ಕದ ಕಂಪ್ಯೂಟರ್ ಕೈಕೊಟ್ಟ ದಿನ ಆ ಟೇಪು ಓದಲೇ ಇಲ್ಲ. ಮಿಕ್ಕ ದಿನಗಳದ್ದು ಇದ್ದೂ ದಂಡ. ವರ್ಷದ ಬಿಲ್ಲುಗಳನ್ನೆಲ್ಲ ಮತ್ತೆ ಟೈಪಿಸಿದೆವು.

ಅಂದಿನಿಂದ ತಿಂಗಳಿಗೊಮ್ಮೆ ಒಂದು ಫೈಲನ್ನಾದರೂ ಬ್ಯಾಕಪ್ಪಿನಿಂದ ವಾಪಸ್ ತೆಗೆದು ನೋಡ್ತೀನಿ. ನೀವು?