ನಗುವ ಟ್ರಂಪೆಟ್ ವಾದಕನಿಗೆ ಸಿಟ್ಟು ಬಂದ ದಿನ

ಮದುವೆ ಮೆರವಣಿಗೆಯ ಬ್ಯಾಂಡ್‌ಸೆಟ್‌ನಲ್ಲಿ ಕೆನ್ನೆ ಉಬ್ಬಿಸಿ ಊದುವ ಹಿತ್ತಾಳೆ ವಾದ್ಯವನ್ನು ನೀವು ನೋಡಿರುತ್ತೀರಿ. ಅದೇ ಟ್ರಂಪೆಟ್. ಅದನ್ನು ಹಿಡಿದು ಜಗತ್ತನ್ನೇ ಸುತ್ತಿದವರು ಅಮೆರಿಕದ ಲೂಯಿ ಆರ್ಮ್‌ಸ್ಟ್ರಾಂಗ್. ಅವರ ಕಥೆಯನ್ನು ನಾವು ಇಲ್ಲಿ ಹೇಳಲು ಇನ್ನೊಂದು ಕಾರಣವೂ ಇದೆ. ನಮ್ಮ ಹಾಗೆಯೇ ಪತ್ರಿಕೋದ್ಯಮ ಓದುತ್ತಿದ್ದ ಹುಡುಗನೊಬ್ಬ ಅದರೊಳಗೆ ಬರುತ್ತಾನೆ.

ಆರ್ಮ್‌ಸ್ಟ್ರಾಂಗ್ ಹುಟ್ಟಿದ್ದು 1901ರಲ್ಲಿ, ನ್ಯೂ ಆರ್ಲಿಯನ್ಸ್ ನಗರದ ಕಡುಬಡತನದ ಕೇರಿಯಲ್ಲಿ. ಅಪ್ಪ ಮನೆ ಬಿಟ್ಟು ಹೋಗಿದ್ದ. ಹುಡುಗ ಒಂದು ಯಹೂದಿ ಕುಟುಂಬದ ಗಾಡಿಯಲ್ಲಿ ಗುಜರಿ ಆಯುತ್ತಿದ್ದ, ಕಲ್ಲಿದ್ದಲು ಮಾರುತ್ತಿದ್ದ. 1912ರ ಕೊನೆಯ ರಾತ್ರಿ, ಹೊಸ ವರ್ಷದ ಗದ್ದಲದಲ್ಲಿ ಗಾಳಿಯಲ್ಲಿ ಗುಂಡು ಹಾರಿಸಿ ಪೊಲೀಸರ ಕೈಗೆ ಸಿಕ್ಕಿಬಿದ್ದ. ಆಗ ವಯಸ್ಸು 11. ಅವನನ್ನು ಕಪ್ಪು ಮಕ್ಕಳ ರಿಮ್ಯಾಂಡ್ ಹೋಮ್‌ಗೆ ಹಾಕಿದರು. ಅಲ್ಲಿನ ಬ್ಯಾಂಡ್‌ನಲ್ಲಿ ಟ್ರಂಪೆಟ್ಟಿನ ತಮ್ಮನಂತಿರುವ ಕಾರ್ನೆಟ್ ಊದಲು ಕಲಿತ.

1922ರಲ್ಲಿ ಗುರು ಜೋ ಆಲಿವರ್ ಕರೆದರೆಂದು ಶಿಕಾಗೋಗೆ ಹೋದರು. 1925ರಿಂದ ತಮ್ಮದೇ ಐವರ ತಂಡ ಕಟ್ಟಿ ರೆಕಾರ್ಡ್ ಮಾಡಿಸಿದರು. ಅಲ್ಲಿಯವರೆಗೆ ಜಾಝ್‌ನಲ್ಲಿ ಹೆಚ್ಚಾಗಿ ಎಲ್ಲರೂ ಕೂಡಿ ನುಡಿಸುತ್ತಿದ್ದರು. ಒಬ್ಬನೇ ಮುಂದೆ ಬಂದು, ಮನಸ್ಸಿಗೆ ಬಂದಂತೆ ರಾಗ ಬೆಳೆಸುವ ಪದ್ಧತಿಗೆ ದೊಡ್ಡ ದಾರಿ ಮಾಡಿಕೊಟ್ಟವರು ಇವರು.

ವೇದಿಕೆಯಲ್ಲಿ ಸದಾ ನಗು, ಕೈಯಲ್ಲಿ ಬಿಳಿ ಕರವಸ್ತ್ರ. ಬಿಳಿಯರನ್ನು ಮೆಚ್ಚಿಸಲು ಹಲ್ಲು ಕಿರಿಯುತ್ತಾರೆ ಎಂದು ಕಿರಿಯ ಕಪ್ಪು ಕಲಾವಿದರೇ ಟೀಕಿಸುತ್ತಿದ್ದರು.

1957ರ ಸೆಪ್ಟೆಂಬರ್. ಅಮೆರಿಕದ ಲಿಟಲ್ ರಾಕ್ ಊರಿನಲ್ಲಿ 9 ಮಂದಿ ಕಪ್ಪು ವಿದ್ಯಾರ್ಥಿಗಳು ಬಿಳಿಯರ ಹೈಸ್ಕೂಲಿಗೆ ಸೇರಬೇಕಿತ್ತು. ಕೋರ್ಟ್ ಆದೇಶ ಅವರ ಪರವಾಗಿತ್ತು. ಆದರೆ ರಾಜ್ಯದ ಗವರ್ನರ್ ಬಂದೂಕುಧಾರಿಗಳನ್ನು ನಿಲ್ಲಿಸಿ ಮಕ್ಕಳನ್ನು ತಡೆದರು. ಅಧ್ಯಕ್ಷ ಐಸೆನ್‌ಹೋವರ್ ಕಾದು ನೋಡುತ್ತಿದ್ದರು.

ಅದೇ ಹೊತ್ತಿಗೆ ಆರ್ಮ್‌ಸ್ಟ್ರಾಂಗ್ ಕಛೇರಿಗೆಂದು ದೂರದ ಗ್ರ್ಯಾಂಡ್ ಫೋರ್ಕ್ಸ್ ಎಂಬ ಊರಿಗೆ ಬಂದಿದ್ದರು. ಅಲ್ಲಿನ ಪತ್ರಿಕೆಯೊಂದರಲ್ಲಿ ಗಂಟೆ ಲೆಕ್ಕದ ಕೂಲಿಗೆ ದುಡಿಯುತ್ತಿದ್ದ 21 ವರ್ಷದ ವಿದ್ಯಾರ್ಥಿಯನ್ನು ಸಂದರ್ಶನಕ್ಕೆ ಕಳಿಸಿದರು. ರಾಜಕೀಯ ಕೇಳಬೇಡ ಎಂದು ಸಂಪಾದಕರು ಮೊದಲೇ ಹೇಳಿದ್ದರು. ಹೋಟೆಲ್ ಸಿಬ್ಬಂದಿಯ ನೆರವಿನಿಂದ, ಊಟ ಕೊಂಡೊಯ್ಯುವ ನೆಪದಲ್ಲಿ ಹುಡುಗ ಕೋಣೆಯೊಳಗೆ ಹೋದ. ಮೊದಲು ಸಂಗೀತದ ಬಗ್ಗೆ ಕೇಳಿದ. ಆಮೇಲೆ ಲಿಟಲ್ ರಾಕ್ ಮಾತು ತೆಗೆದ.

ಆರ್ಮ್‌ಸ್ಟ್ರಾಂಗ್ ಸಿಡಿದರು. ಅಧ್ಯಕ್ಷರಿಗೆ ಎರಡು ಮುಖ, ಧೈರ್ಯವಿಲ್ಲ ಎಂದರು. ತಮ್ಮ ಜನರನ್ನು ಹೀಗೆ ನಡೆಸಿಕೊಳ್ಳುವ ಸರ್ಕಾರದ ಪರವಾಗಿ ರಷ್ಯಾ ಪ್ರವಾಸಕ್ಕೆ ಹೋಗುವುದಿಲ್ಲ ಎಂದರು.

ಸುದ್ದಿಸಂಸ್ಥೆಯವರು ಮೊದಲು ನಂಬಲಿಲ್ಲ, ಸಾಕ್ಷಿ ಕೇಳಿದರು. ಮರುದಿನ ಹುಡುಗ ತಾನು ಬರೆದ ವರದಿಯನ್ನು ಆರ್ಮ್‌ಸ್ಟ್ರಾಂಗ್‌ಗೇ ತೋರಿಸಿದ. ಅವರು ಒಂದು ಮಾತನ್ನೂ ತೆಗೆಸದೆ, ಒಪ್ಪಿಗೆ ಬರೆದು ಸಹಿ ಹಾಕಿದರು. ಸುದ್ದಿ ದೇಶವಿಡೀ ಹರಡಿತು. ಅವರ ವ್ಯವಸ್ಥಾಪಕ ಮಾತು ತಿರುಗಿಸಲು ನೋಡಿದರೂ ಅವರು ಬಿಡಲಿಲ್ಲ. ರೇಡಿಯೋ ಕೇಂದ್ರಗಳು ಅವರ ರೆಕಾರ್ಡ್‌ಗಳನ್ನು ಹೊರಗೆಸೆದವು, ಬಹಿಷ್ಕಾರದ ಕೂಗೆದ್ದಿತು.

ಸೆಪ್ಟೆಂಬರ್ 24ರಂದು ಅಧ್ಯಕ್ಷರು ಲಿಟಲ್ ರಾಕ್‌ಗೆ ಸೇನೆ ಕಳಿಸಿದರು. ಮರುದಿನ ಸೈನಿಕರ ಕಾವಲಿನಲ್ಲಿ ಮಕ್ಕಳು ಶಾಲೆಯೊಳಗೆ ನಡೆದರು. ಆರ್ಮ್‌ಸ್ಟ್ರಾಂಗ್ ಮಾತಿನಿಂದಲೇ ಇದಾಯಿತು ಎನ್ನಲಾಗದು. ಆದರೆ ಹೆಸರು, ಹಣ, ಸರ್ಕಾರದ ಗೌರವ ಎಲ್ಲವೂ ಇದ್ದವರು ಅದನ್ನೆಲ್ಲ ಪಣಕ್ಕಿಟ್ಟು ಮಾತಾಡಿದ್ದು ನಿಜ. ಕಪ್ಪು-ಬಿಳಿ ಕಲಾವಿದರು ಒಟ್ಟಿಗೆ ನುಡಿಸಬಾರದೆಂಬ ಕಾನೂನಿದ್ದ ಹುಟ್ಟೂರಲ್ಲೂ ಅವರು ವರ್ಷಗಟ್ಟಲೆ ಕಛೇರಿ ಕೊಡಲಿಲ್ಲ. ಮತ್ತೆ ನುಡಿಸಿದ್ದು 1965ರಲ್ಲಿ, ಕಾನೂನು ಬದಲಾದ ಮೇಲೆ. 1971ರ ಜುಲೈ 6ರಂದು ತೀರಿಕೊಂಡರು.

ಅವರ ನಗು ನೋಡಿ ಒಳಗೇನಿದೆ ಎಂದು ಜನ ತಾವೇ ತೀರ್ಮಾನಿಸಿಬಿಟ್ಟಿದ್ದರು. ಹೋಗಿ ಕೇಳಿದವನು ಆ ಹುಡುಗ. ಸುದ್ದಿಗೆಂದು ಊರೂರು ಅಲೆಯುವ ನಾವು ಈ ಕಥೆಯಿಂದ ಕಲಿತದ್ದು ಇಷ್ಟು: ನಗುತ್ತಿರುವವರನ್ನೂ ಕೇಳಬೇಕು, ಅವರು ಹೇಳಿದ್ದನ್ನು ಅವರ ಮುಂದೆಯೇ ಓದಿ ತೋರಿಸಬೇಕು.