ಬೀಸುವ ಪದ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಹೆಣ್ಣುಮಕ್ಕಳು ಜೋಳ ಬೀಸುತ್ತ ಹಾಡುತ್ತಿದ್ದ ತ್ರಿಪದಿ; ಮನದ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವ ಸಂವಹನದ ಹಳೆಯ ಬಗೆ. ನಸುಕಿನಲ್ಲಿ ಇಬ್ಬರು ಎದುರುಬದುರು ಕುಳಿತು ಬೀಸುಕಲ್ಲಿನ ಒಂದೇ ಗೂಟ ಹಿಡಿದು ಬೀಸುವಾಗ ಒಬ್ಬಳು ಎತ್ತಿದ ನುಡಿಗೆ ಇನ್ನೊಬ್ಬಳು ದನಿಗೂಡಿಸುತ್ತಿದ್ದಳು. ಕಲ್ಲಿನ ತಿರುವೇ ತಾಳ. ತವರಿನ ಹಂಬಲ, ಅಣ್ಣನ ದಾರಿ ಕಾಯುವುದು, ಅತ್ತೆಮನೆಯ ಬಿರುನುಡಿ ಈ ಪದಗಳ ವಸ್ತು. ನೇರ ಆಡಲಾಗದ್ದನ್ನು ಹಾಡಿ ಕೇಳಿಸಬಹುದಿತ್ತು. ಹಾಡಿನ ಮೇಲೆ ತಕರಾರು ತೆಗೆಯುವವರು ಕಡಿಮೆ.

ಆಗಿನ ಇಂಡಿ ತಾಲ್ಲೂಕಿನ ಹಲಸಂಗಿಯ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಇಂಥ ಪದಗಳನ್ನು ಕೇಳಿ ಬರೆದುಕೊಂಡರು. ಅವರ ಸಂಗ್ರಹ ‘ಗರತಿಯ ಹಾಡು’ 1931ರಲ್ಲಿ ಅಚ್ಚಾಯಿತು. ಅಚ್ಚಿನಲ್ಲಿ ನುಡಿ ಉಳಿಯಿತು; ಧಾಟಿ, ಹಾಡುವವಳು ದನಿ ತಡೆದು ನಿಲ್ಲುವ ಗಳಿಗೆ ಉಳಿಯಲಿಲ್ಲ. ಹಿಟ್ಟಿನ ಗಿರಣಿ ಬಂದ ಮೇಲೆ ಬೀಸುಕಲ್ಲು ಮೂಲೆ ಸೇರಿತು. ಮದುವೆಮನೆಯ ಶಾಸ್ತ್ರಗಳಲ್ಲಿ ಈ ಪದ ಅಲ್ಲಲ್ಲಿ ಕೇಳುತ್ತದೆ.