ಒಂದು ಲೋಟ ಪುನರ್ಪುಳಿ, ನಾಲ್ಕೂವರೆ ಶತಮಾನದ ಲೆಕ್ಕ

ಪೋಸ್ಟ್ 1/7: ಹೆಸರು ನಾಲ್ಕು, ಹಣ್ಣು ಒಂದೇ

ನಮ್ಮ ದಕ್ಷಿಣ ಕನ್ನಡದ ಕಡೆ ಪುನರ್ಪುಳಿ. ಶಿರಸಿ, ಸಾಗರದ ಕಡೆ ಮುರುಗಲು. ಕೊಂಕಣಿಯವರಿಗೆ ಭಿರಂಡ. ರತ್ನಾಗಿರಿ ದಾಟಿದ್ರೆ ಕೋಕಂ. ತುಳುವಿನಲ್ಲಿ "ಪುಳಿ" ಅಂದ್ರೆ ಹುಳಿ, ಹಾಗಾಗಿ ನಮ್ಮ ಹೆಸರಲ್ಲೇ ರುಚಿ ಉಂಟು. ಪಶ್ಚಿಮ ಘಟ್ಟ ಮತ್ತು ಅದರ ಕೆಳಗಿನ ಕರಾವಳಿಯ ಮರ ಇದು. ಬೇಸಿಗೆಯಲ್ಲಿ ಈ ಕಡೆ ಯಾರ ಮನೆಗೆ ಹೋದ್ರೂ "ಕುಡಿಲಿಕ್ಕೆ ಎಂತ ಆಗ್ಬಹುದು?" ಅಂತ ಕೇಳ್ತಾರೆ, ಉತ್ತರ ಹೇಳುವ ಮೊದಲೇ ಕೆಂಪು ಲೋಟ ಬಂದಿರ್ತದೆ.

ನಾನು ಓದೋದು ಬಿಕಾಂ. ಯಾವುದನ್ನು ನೋಡಿದ್ರೂ ಇದರ ಮಾರ್ಕೆಟ್ ಎಲ್ಲಿ, ಲಾಭ ಯಾರಿಗೆ ಅಂತ ಕೇಳುವ ಚಾಳಿ. ಈ ಸರಣಿಯ ಪ್ರಶ್ನೆಯೂ ಅದೇ. ಇಷ್ಟು ರುಚಿ, ಇಷ್ಟು ಬಣ್ಣ, ಇಷ್ಟು ಹಳೆಯ ಹಣ್ಣು ಯಾಕೆ ಲಿಂಬೆ, ಮಾವಿನ ಹಾಗೆ ದೇಶದ ಮೂಲೆಮೂಲೆಯ ಅಂಗಡಿ ಸೇರಲಿಲ್ಲ? ಮನೆಯ ಭರಣಿಯಲ್ಲೇ ಯಾಕೆ ಉಳಿಯಿತು?

ಪೋಸ್ಟ್ 2/7: ಗೋವಾದಲ್ಲಿ ಅಚ್ಚಾದ ಪುಸ್ತಕ

ವರ್ಷ 1563. ಪೋರ್ಚುಗೀಸರ ಗೋವಾದಲ್ಲಿ ಗಾರ್ಸಿಯಾ ದ ಓರ್ಟಾ ಎಂಬ ವೈದ್ಯ ಒಂದು ಪುಸ್ತಕ ಅಚ್ಚು ಹಾಕಿಸ್ತಾನೆ. ಭಾರತದ ಗಿಡಮೂಲಿಕೆ, ಹಣ್ಣು, ಮಸಾಲೆಗಳ ಬಗ್ಗೆ ಇಬ್ಬರು ಮಾತಾಡಿಕೊಳ್ಳುವ ಹಾಗೆ ಬರೆದ ಪುಸ್ತಕ. ಗೋವಾಕ್ಕೆ ಮುದ್ರಣಯಂತ್ರ ಬಂದದ್ದು 1556ರಲ್ಲಿ, ಅಂದ್ರೆ ಬರೀ ಏಳು ವರ್ಷ ಮೊದಲು. ಆ ಪುಸ್ತಕದಲ್ಲಿ ನಮ್ಮ ಹಣ್ಣು ಬರ್ತದೆ. ಕೊಂಕಣಿಯ "ಭಿರಂಡ" ಪೋರ್ಚುಗೀಸರ ಬಾಯಲ್ಲಿ "ಬ್ರಿಂಡಾವ್" ಆಗಿತ್ತು.

1596ರಲ್ಲಿ ಲಿನ್‌ಸ್ಕೋಟನ್ ಎಂಬ ಡಚ್ಚನ ಪ್ರವಾಸ ಪುಸ್ತಕ ಬಂತು. ಆತ ಗೋವಾದ ಆರ್ಚ್‌ಬಿಷಪ್‌ನ ಕಾರ್ಯದರ್ಶಿಯಾಗಿ ಕೆಲಸ ಮಾಡಿದವನು. ಅವನೂ ಈ ಹಣ್ಣಿನ ಬಗ್ಗೆ ಬರೀತಾನೆ: ಒಳಗೆ ರಕ್ತದಂಥ ಕೆಂಪು, ವಿಪರೀತ ಹುಳಿ, ಬಣ್ಣ ಹಾಕುವವರು ಬಳಸ್ತಾರೆ, ಸಿಪ್ಪೆಯನ್ನು ಒಣಗಿಸಿ ವಿನೆಗರ್ ಮಾಡಲಿಕ್ಕೆ ಹಡಗಿನಲ್ಲಿ ಒಯ್ಯುತ್ತಾರೆ.

ಬಣ್ಣ, ವಿನೆಗರ್, ಸಿಪ್ಪೆ. ಸಿಹಿ ಪಾನೀಯದ ಸುದ್ದಿಯೇ ಇಲ್ಲ. ಹೊರಗಿನಿಂದ ಬಂದವರ ಕಣ್ಣಿಗೆ ಇದು ಕುಡಿಯುವ ಹಣ್ಣಾಗಿ ಕಾಣಲೇ ಇಲ್ಲ, ಹಡಗಿಗೆ ಏರಿಸುವ ಸರಕಾಗಿ ಕಂಡಿತು.

ಪೋಸ್ಟ್ 3/7: ಹಾಗಾದ್ರೆ ಶರಬತ್ತು ಯಾವಾಗ ಬಂತು?

ಹಣ್ಣಿನ ರಸಕ್ಕೆ ಸಿಹಿ ಬೆರೆಸಿ ಕುಡಿಯೋದು ನಮಗೇನೂ ಹೊಸತಲ್ಲ. ಓರ್ಟಾನ ಪುಸ್ತಕಕ್ಕಿಂತ 55 ವರ್ಷ ಮೊದಲು, 1508ರ ಸುಮಾರಿಗೆ, ಮೂರನೇ ಮಂಗರಸ ಕನ್ನಡದಲ್ಲಿ "ಸೂಪಶಾಸ್ತ್ರ" ಬರೆದಿದ್ದ. ಪೂರ್ತಿ ಸಸ್ಯಾಹಾರದ ಅಡುಗೆ ಪುಸ್ತಕ, ಅದೂ ಪದ್ಯದಲ್ಲಿ! ಅದರಲ್ಲಿ ಪಾನಕಗಳಿಗೂ ಜಾಗ ಉಂಟು. "ಪಾನಕ" ಸಂಸ್ಕೃತದಲ್ಲಿ ಕುಡಿಯುವುದಕ್ಕೆ ಇರುವ ಧಾತುವಿನಿಂದ ಬಂದ ಮಾತು. "ಶರಬತ್ತು" ಅರಬ್ಬಿಯಲ್ಲಿ ಕುಡಿಯುವುದಕ್ಕೆ ಇರುವ ಧಾತುವಿನಿಂದ ಬಂದದ್ದು. ಎರಡು ದಿಕ್ಕಿನಿಂದ ಬಂದ ಎರಡು ಪದ, ಅರ್ಥ ಮಾತ್ರ ಒಂದೇ.

ಆದರೆ ಇವತ್ತು ನಾವು ಮಾಡುವ ಪುನರ್ಪುಳಿ ಶರಬತ್ತಿಗೆ ಕಿಲೋಗಟ್ಟಲೆ ಬಿಳಿ ಸಕ್ಕರೆ ಬೇಕು. ಅದು ಮಧ್ಯಮ ವರ್ಗದ ಅಡುಗೆಮನೆಯಲ್ಲಿ ಧಾರಾಳ ಆದದ್ದು ತೀರಾ ಈಚೆಗೆ. ಮಂಡ್ಯದ ಮೈಸೂರು ಸಕ್ಕರೆ ಕಂಪನಿ ಶುರುವಾದದ್ದೇ 1933ರಲ್ಲಿ. ಆಮೇಲೂ ಎಷ್ಟೋ ವರ್ಷ ಸಕ್ಕರೆ ಅಂದ್ರೆ ರೇಷನ್ ಕಾರ್ಡಿನ ವಸ್ತು. ಬಂದವರಿಗೆ ಬೆಲ್ಲ-ನೀರು ಕೊಡುವ ಪದ್ಧತಿ ಈ ಕಡೆ ಯಾಕೆ ಅಷ್ಟು ಗಟ್ಟಿ ಅಂತ ಇದರಿಂದಲೂ ಅರ್ಥ ಆಗ್ತದೆ. ನನ್ನ ಲೆಕ್ಕದಲ್ಲಿ ಹಳೆಯದು ಒಣಸಿಪ್ಪೆಯ ಸಾರು ಮತ್ತು ಉಪ್ಪು ಹಾಕಿದ ರಸ. ಸಕ್ಕರೆಯ ಕೆಂಪು ಲೋಟ ಅದರ ಮೊಮ್ಮಗಳು.

ಪೋಸ್ಟ್ 4/7: ಮಾಡುವ ಕ್ರಮ (ಸೇವ್ ಮಾಡಿಟ್ಟುಕೊಳ್ಳಿ)

ಕಡುಕೆಂಪು ಬಣ್ಣಕ್ಕೆ ತಿರುಗಿದ, ಪೆಟ್ಟಾಗದ ಹಣ್ಣು ತಗೊಳ್ಳಿ. ತೊಳೆದು, ಬಟ್ಟೆಯಲ್ಲಿ ಒರೆಸಿ ನೀರು ಪೂರ್ತಿ ಆರಿಸಿ. ನೀರು ಉಳಿದ್ರೆ ಬೂಸ್ಟು ಗ್ಯಾರಂಟಿ.

ಅಡ್ಡಕ್ಕೆ ಎರಡು ಹೋಳು ಮಾಡಿ, ಒಳಗಿನ ಬೀಜ, ತಿರುಳು ತೆಗೆದು ಬೇರೆ ಇಡಿ. ಬಿಸಾಡಬೇಡಿ, ಅದರ ಕಥೆ ಕೆಳಗೆ ಉಂಟು. ಈಗ ಕೈಯಲ್ಲಿ ಪುಟ್ಟ ಪುಟ್ಟ ಕೆಂಪು ಬಟ್ಟಲು ಉಳೀತದೆ. ಹಣ್ಣಿನ ತೂಕದಲ್ಲಿ ಸಿಪ್ಪೆ ಹೆಚ್ಚುಕಡಿಮೆ ಅರ್ಧ.

1 ಕಿಲೋ ಸಿಪ್ಪೆಗೆ 2 ಕಿಲೋ ಸಕ್ಕರೆ. ಒಂದೊಂದು ಬಟ್ಟಲಿಗೂ ಸಕ್ಕರೆ ತುಂಬಿ ಗಾಜಿನ ಭರಣಿಯಲ್ಲಿ ಜೋಡಿಸಿ, ಮೇಲಿಂದ ಉಳಿದ ಸಕ್ಕರೆ ಸುರಿಯಿರಿ. ಬಾಯಿಗೆ ತೆಳು ಬಟ್ಟೆ ಕಟ್ಟಿ ದಿನಾ ಬಿಸಿಲಿಗೆ ಇಡಿ. ಐದಾರು ದಿನ, ಬಿಸಿಲು ಕಮ್ಮಿ ಇದ್ರೆ ಒಂದು ವಾರ. ಸಕ್ಕರೆ ಸಿಪ್ಪೆಯೊಳಗಿನ ರಸವನ್ನು ಎಳೆದು ತೆಗೀತದೆ, ಬೆಂಕಿಯೇ ಬೇಡ. ಸಕ್ಕರೆ ಇಷ್ಟು ದಟ್ಟ ಇರುವಾಗ ಹಾಳು ಮಾಡುವ ಸೂಕ್ಷ್ಮಜೀವಿಗಳಿಗೆ ಬದುಕೋದು ಕಷ್ಟ. ಸಕ್ಕರೆ ಕಮ್ಮಿ ಮಾಡಿದ್ರೆ ಹುಳಿತು ನೊರೆ ಬರ್ತದೆ, ಅದಕ್ಕೇ ಈ ಅಳತೆ.

ಸೋಸಿ, ಹುರಿದ ಜೀರಿಗೆ ಪುಡಿ, ಚಿಟಿಕೆ ಉಪ್ಪು ಸೇರಿಸಿ ಬಾಟಲಿಗೆ ತುಂಬಿ. ಒಂದು ಪಾಲು ರಸಕ್ಕೆ ಐದು ಪಾಲು ತಣ್ಣೀರು.

ಸ್ಟೀಲ್ ಬಿಟ್ಟು ಅಲ್ಯೂಮಿನಿಯಂ, ತಾಮ್ರದ ಪಾತ್ರೆಗೆ ಹಾಕಲೇಬೇಡಿ. ಹುಳಿ ಲೋಹವನ್ನು ತಿನ್ನುತ್ತದೆ.

ಪೋಸ್ಟ್ 5/7: ಒಂದು ಹಣ್ಣು, ಮೂರು ಖಾತೆ

ಕಾಸ್ಟ್ ಅಕೌಂಟಿಂಗಿನಲ್ಲಿ "ಉಪ ಉತ್ಪನ್ನ" ಅಂತ ಒಂದು ಪಾಠ ಬರ್ತದೆ. ಮುಖ್ಯ ವಸ್ತು ಮಾಡುವಾಗ ಜೊತೆಗೆ ಸಿಗುವ ವಸ್ತು. ಪುಸ್ತಕದಲ್ಲಿ ಉದಾಹರಣೆ ಸಕ್ಕರೆ ಕಾರ್ಖಾನೆಯ ಕಾಕಂಬಿ. ನನಗೆ ತಲೆಗೆ ಹೋದದ್ದು ಪುನರ್ಪುಳಿಯಿಂದ.

ಸಿಪ್ಪೆಯಿಂದ ಶರಬತ್ತು. ಸೋಸಿದ ಮೇಲೆ ಉಳಿದ ಸಿಪ್ಪೆ ಒಣಗಿಸಿದ್ರೆ ಹುಳಿ-ಸಿಹಿ ತಿಂಡಿ. ತಿರುಳಿನ ರಸಕ್ಕೆ ಉಪ್ಪು ಹಾಕಿ, ಅದರಲ್ಲಿ ಬೇರೆ ಸಿಪ್ಪೆಗಳನ್ನು ಅದ್ದಿ ಒಣಗಿಸಿ, ಮತ್ತೆ ಅದ್ದಿ ಒಣಗಿಸಿದ್ರೆ ವರ್ಷಕ್ಕಾಗುವ ಸಾರಿನ ಹುಳಿ. ಬೀಜ ಒಣಗಿಸಿ, ಕುಟ್ಟಿ, ನೀರಲ್ಲಿ ಕುದಿಸಿದ್ರೆ ಮೇಲೆ ತೇಲುವ ಕೊಬ್ಬೇ ಮುರುಗಲ ತುಪ್ಪ. ಆರಿದ್ರೆ ಮೇಣದ ಹಾಗೆ ಗಟ್ಟಿ. ಕಾಲಿನ ಹಿಮ್ಮಡಿ ಒಡೆದ್ರೆ ಅಜ್ಜಿಯಂದಿರ ಮದ್ದು ಇದೇ, ಈಗ ಕಾಸ್ಮೆಟಿಕ್ಸ್‌ನವರಿಗೂ ಬೇಕು.

ವ್ಯರ್ಥದ ಖಾತೆಯಲ್ಲಿ ಸೊನ್ನೆ. ಆದರೆ ಗಮನಿಸಿ, ಹೋಳು ಮಾಡಿದ್ದು, ಬೀಜ ತೆಗೆದದ್ದು, ದಿನಾ ಭರಣಿ ಹೊರಗಿಟ್ಟು ಒಳಗೆ ತಂದದ್ದು, ಇದರ ಕೂಲಿ ಯಾವ ಖಾತೆಗೂ ಏರಿಲ್ಲ. ಅದು ಮನೆಯ ಹೆಂಗಸರ ಕೆಲಸ ಅಂತ ಬಿಟ್ಟದ್ದು. ಕೂಲಿ ಸೇರಿಸಿ ಲೆಕ್ಕ ಹಾಕಿದ್ರೆ ಮನೆಯ ಶರಬತ್ತು ಅಗ್ಗ ಅಲ್ಲವೇ ಅಲ್ಲ ಮಾರಾಯ್ರೆ.

ಪೋಸ್ಟ್ 6/7: ಮಾರ್ಕೆಟ್ ಯಾಕೆ ಸಿಗಲಿಲ್ಲ, ಸಿಕ್ಕಿದಾಗ ಏನಾಯ್ತು

ಮೊದಲ ಅಡ್ಡಿ ಮಳೆ. ಹಣ್ಣಾಗೋದು ಏಪ್ರಿಲ್‌ನಿಂದ ಜೂನ್. ಒಣಗಿಸಲಿಕ್ಕೆ ಬಿಸಿಲು ಬೇಕಾದ ಹೊತ್ತಿಗೇ ಮಳೆಗಾಲ ಬಾಗಿಲಿಗೆ ಬಂದಿರ್ತದೆ. ಎಷ್ಟೋ ಹಣ್ಣು ಮರದ ಬುಡದಲ್ಲೇ ಕೊಳೀತದೆ.

ಎರಡನೆಯದು ಮರದ ಸ್ವಭಾವ. ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದಿಂದ ಬೆಳೆಸಿದ್ರೆ ಹೂ ಬಿಡಲಿಕ್ಕೆ ಏಳೆಂಟು ವರ್ಷ, ಆಗ ಗೊತ್ತಾಗ್ತದೆ ಅರ್ಧದಷ್ಟು ಗಂಡು ಅಂತ. ಎಂಟು ವರ್ಷ ಬಂಡವಾಳ ಹಾಕಿ ಅರ್ಧ ಸೊನ್ನೆ ಆಗುವ ಯೋಜನೆಗೆ ಯಾವ ಬ್ಯಾಂಕು ಸಾಲ ಕೊಡ್ತದೆ? ಅಡಿಕೆ ನೆಡುವವರನ್ನು ದೂರಿ ಫಲ ಇಲ್ಲ. ಅತ್ತ ಲಿಂಬೆ ವರ್ಷವಿಡೀ ಸಿಗ್ತದೆ. ಜೊತೆಗೆ 1872ರಲ್ಲಿ ಹೈರಮ್ ಕಾಡ್ ಪೇಟೆಂಟ್ ಮಾಡಿದ ಗೋಲಿ ಬಾಟಲಿ ಊರೂರಿಗೂ ಬಂತು. ಲಿಂಬೆ ಸೋಡಾ ಗೆದ್ದದ್ದು ರುಚಿಯಿಂದ ಮಾತ್ರ ಅಲ್ಲ, ಸಪ್ಲೈಯಿಂದ.

ಇನ್ನು ಮಾರ್ಕೆಟ್ ಸಿಕ್ಕಿದ ಕಥೆ. ಪುನರ್ಪುಳಿಯ ಅಣ್ಣ ಒಬ್ಬ ಇದ್ದಾನೆ, ಉಪ್ಪಾಗೆ. ಕೇರಳದವರು ಮೀನು ಸಾರಿಗೆ ಹಾಕುವ ಕುಡಂಪುಳಿ. ಇದರ ಹುಳಿಗೆ ಕಾರಣ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಅಂತ 1965ರಲ್ಲಿ ತೋರಿಸಿಕೊಟ್ಟದ್ದು ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐನ ಲೂಯಿಸ್ ಮತ್ತು ನೀಲಕಂಠನ್. 1990ರ ದಶಕದಲ್ಲಿ ಇದೇ ಆಮ್ಲ ಅಮೆರಿಕದಲ್ಲಿ ತೂಕ ಇಳಿಸುವ ಮಾತ್ರೆ ಆಯ್ತು. ಬೇಡಿಕೆಯ ಬಿಸಿ ತಟ್ಟಿದ್ದು ಉತ್ತರ ಕನ್ನಡದ ಕಾಡಿಗೆ. ನಾನು ಮೊದಲು ಅಂತ ಕಾಯಿ ಇರುವಾಗಲೇ ಕೊಯ್ದರು, ಕೊಂಬೆಗಳನ್ನೇ ಕಡಿದರು. ಉಪ್ಪಾಗೆ ಹಣ್ಣಾಗೋದು ಮಳೆಗಾಲದಲ್ಲಿ, ಸಿಪ್ಪೆ ಒಣಗಿಸಲಿಕ್ಕೆ ಬೆಂಕಿಯೇ ಬೇಕು, ಬೆಂಕಿಗೆ ಮತ್ತೆ ಕಾಡಿನದೇ ಸೌದೆ.

1998ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆ "ಜಾಮಾ"ದಲ್ಲಿ 135 ಜನರ ಮೇಲೆ 12 ವಾರ ಮಾಡಿದ ಪರೀಕ್ಷೆಯ ಫಲಿತಾಂಶ ಬಂತು. ಮಾತ್ರೆ ತಿಂದವರಿಗೂ ಸುಳ್ಳು ಮಾತ್ರೆ ತಿಂದವರಿಗೂ ತೂಕ ಇಳಿದದ್ದರಲ್ಲಿ ಹೇಳಿಕೊಳ್ಳುವ ವ್ಯತ್ಯಾಸವೇ ಇಲ್ಲ! ಅಷ್ಟರಲ್ಲಿ ಕಡಿದ ಕೊಂಬೆ ಕಡಿದದ್ದೇ. ಪುನರ್ಪುಳಿಯಲ್ಲೂ ಇದೇ ಆಮ್ಲ ಉಂಟು, "ಕುಡಿದ್ರೆ ತೂಕ ಇಳೀತದೆ" ಅನ್ನುವ ರೀಲ್ಸ್ ಕಂಡಾಗ ಇದನ್ನು ನೆನಪಿಟ್ಟುಕೊಳ್ಳಿ. ಅದೂ ಎರಡು ಪಾಲು ಸಕ್ಕರೆ ಹಾಕಿದ ಶರಬತ್ತಿನಿಂದ ತೂಕ ಇಳಿಯುವುದಂತೆ!

ಪೋಸ್ಟ್ 7/7: ಬಾಕಿ ಲೆಕ್ಕ

ಎರಡು ಕಥೆ ಪಕ್ಕಪಕ್ಕ ಇಟ್ಟು ನೋಡಿ. ಮಾರ್ಕೆಟ್ ಇಲ್ಲದ ಪುನರ್ಪುಳಿ ಬುಡದಲ್ಲಿ ಕೊಳೆಯಿತು, "ಇದರಿಂದ ಎಂತ ಸಿಗ್ತದೆ" ಅಂತ ಮರ ಕಡಿದವರೂ ಇದ್ದಾರೆ. ಮಾರ್ಕೆಟ್ ಒಮ್ಮೆಲೇ ನುಗ್ಗಿದ ಉಪ್ಪಾಗೆಗೆ ಬೇಡಿಕೆಯೇ ಕೊಡಲಿ ಆಯ್ತು. ಮಧ್ಯದ ದಾರಿ ಇಲ್ವಾ?

ಉಂಟು. ಹೆಣ್ಣು ಮರದಿಂದ ಕಸಿ ಕಟ್ಟಿದ ಗಿಡ ಈಗ ಸಿಗ್ತದೆ, ಗಂಡೋ ಹೆಣ್ಣೋ ಅಂತ ಎಂಟು ವರ್ಷ ಕಾಯಬೇಕಿಲ್ಲ. ದಾಪೋಲಿಯ ಕೃಷಿ ವಿಶ್ವವಿದ್ಯಾಲಯ "ಕೊಂಕಣ ಅಮೃತಾ" ಅಂತ ತಳಿಯನ್ನೇ ಕೊಟ್ಟಿದೆ. ಸಿಂಧುದುರ್ಗ, ರತ್ನಾಗಿರಿಯ ಕೋಕಂಗೆ ಜಿಐ ಟ್ಯಾಗ್ ಸಿಕ್ಕಿದೆ. ಅದೇ ಹಣ್ಣು ನಮ್ಮ ಹಿತ್ತಿಲಲ್ಲೂ ಬಿದ್ದಿದೆ. ಕಾಡಿನ ಮರಕ್ಕೆ ಕೈ ಹಾಕದೆ ತೋಟದ ಬದುವಿನಲ್ಲಿ ನಾಲ್ಕು ಕಸಿ ಗಿಡ, ಹತ್ತು ಮನೆಯ ಹೆಂಗಸರು ಸೇರಿ ಮಾಡಿದ ಭರಣಿ, ಅವರ ಕೂಲಿಯನ್ನೂ ಸೇರಿಸಿದ ಬೆಲೆ. ಅಷ್ಟು ಸಾಕು.

ಬಾಟಲಿಯ ಬೆಲೆ ನೋಡಿ "ಮನೆಯಲ್ಲೇ ಮಾಡ್ಬಹುದು, ಇಷ್ಟು ಯಾಕೆ?" ಅಂತ ಸ್ವಸಹಾಯ ಸಂಘದ ಸ್ಟಾಲಿನಲ್ಲಿ ಚೌಕಾಸಿ ಮಾಡುವವರಿಗೆ ನನ್ನದೊಂದೇ ಮಾತು: ಈ ಬೇಸಿಗೆ ಒಂದು ಕಿಲೋ ನೀವೇ ಮಾಡಿ ನೋಡಿ. ಕೈ ಬೆರಳಿಗೆ ಹಿಡಿದ ಬಣ್ಣ ಎರಡು ದಿನ ಹೋಗೋದಿಲ್ಲ. ಆ ಬಣ್ಣ ಹೋಗುವ ಮೊದಲು ಬೆಲೆಯ ಬಗ್ಗೆ ಮಾತಾಡುವ.

ನಿಮ್ಮ ಕಡೆ ಇದಕ್ಕೆ ಎಂತ ಹೆಸರು? ಬೆಲ್ಲ ಹಾಕಿ ಮಾಡುವವರು ಯಾರಾದ್ರೂ ಇದ್ದೀರಾ? ಕಮೆಂಟ್‌ನಲ್ಲಿ ಬರೀರಿ.

#ಪುನರ್ಪುಳಿ #ಮುರುಗಲು #ಪಾನಕ #ನಮ್ಮಪಶ್ಚಿಮಘಟ್ಟ #ಕನ್ನಡದಲ್ಲಿಇತಿಹಾಸ